ಸ್ಪೋರ್ಟಿ ಸೆಡಾನ್‌ಗೆ ಚಳಿಗಾಲದ ಟೈರ್: 19 ಇಂಚಿನಲ್ಲೇ ಇರಲಾ, 18ಕ್ಕೆ ಇಳಿಯಲಾ?

ಹೊಸಗೇರ್:
ಎಲ್ಲರಿಗೂ ನಮಸ್ಕಾರ. ಈ ಕಾರು ಕೈಗೆ ಬಂದ ಮೇಲೆ ಇದು ಮೊದಲ ಚಳಿಗಾಲ. ಆರು ಸಿಲಿಂಡರ್ ಟರ್ಬೊ ಸೆಡಾನ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಆದರೆ ಜಾಸ್ತಿ ಪಾಲು ಹಿಂದಕ್ಕೆ. ಕಾರಿನ ಜೊತೆ ಬಂದ ಟೈರ್ ಮುಂದೆ 225/40 ಆರ್19, ಹಿಂದೆ 255/35 ಆರ್19, ಅಂದರೆ ರಿಮ್ 19 ಇಂಚಿನದು. ನಾಲ್ಕೂ ಬೇಸಿಗೆ ಟೈರ್.

ಕಳೆದ ವಾರ ಬೆಳಗ್ಗೆ ಆರೂವರೆಗೆ ಹೊರಟೆ. ಹೊರಗೆ 2 ಡಿಗ್ರಿ. ರಸ್ತೆ ಒಣಗಿತ್ತು, ಹಿಮವೂ ಇಲ್ಲ, ನೀರೂ ಇಲ್ಲ. ಸರ್ಕಲ್‌ನಲ್ಲಿ ದಿನಾ ಹೋಗುವ ವೇಗದಲ್ಲೇ ಸ್ಟೀರಿಂಗ್ ತಿರುಗಿಸಿದೆ, ಕಾರಿನ ಮೂತಿ ಮಾತ್ರ ನೇರವಾಗಿ ಹೊರಟಿತು. ಎದುರಿಗೆ ಯಾರೂ ಇರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಆದರೆ ಎದೆ ಝಲ್ ಎಂದಿತು. ಅಂದಿನಿಂದ ಟೈರ್ ಬಗ್ಗೆ ಓದುತ್ತಲೇ ಇದ್ದೇನೆ, ಓದಿದಷ್ಟೂ ಗೊಂದಲ ಜಾಸ್ತಿಯಾಗಿದೆ.

ನನ್ನ ದಾರಿ ದಿನಕ್ಕೆ ಒಂದು ಕಡೆ 45 ಕಿಲೋಮೀಟರ್. ಅದರಲ್ಲಿ 30 ಹೈವೇ, ಅಲ್ಲಿ ಹಿಮ ಬೇಗ ತೆಗೆದು ಉಪ್ಪು ಹಾಕುತ್ತಾರೆ. ಉಳಿದ 15 ಬೆಟ್ಟದ ರಸ್ತೆ, ತಿರುವು ಜಾಸ್ತಿ, ಹಿಮ ತೆಗೆಯುವ ಗಾಡಿ ಬರುವುದು ನಾನು ಹೋದ ಮೇಲೆ. ಜನವರಿಯಲ್ಲಿ ಕೆಲವು ದಿನ ಮೈನಸ್ 15 ಆಗುತ್ತದೆ. ಕಾರಿನ ಓಟದ ಮಜಾ ಪೂರ್ತಿ ಬಿಟ್ಟುಕೊಡಲು ಮನಸ್ಸಿಲ್ಲ. ಯಾವ ಥರದ ಟೈರ್ ತಗೊಳ್ಳಲಿ? 19 ಇಂಚಿನಲ್ಲೇ ಇರಲಾ, 18ಕ್ಕೆ ಇಳಿಯಲಾ? ನಾಲ್ಕು ಚಕ್ರದ ಎಳೆತ ಇರುವಾಗ ಇಷ್ಟೆಲ್ಲ ಬೇಕಾ?

ಹಿಮದಾರಿ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಬಹಳ ಜನ ಎಡವುವುದು ಅಲ್ಲೇ.

ನಾಲ್ಕೂ ಚಕ್ರ ಎಳೆಯುವುದರಿಂದ ನಿಂತ ಕಾರು ಸುಲಭವಾಗಿ ಹೊರಡುತ್ತದೆ, ಏರು ಹತ್ತುತ್ತದೆ. ಬ್ರೇಕ್ ಒತ್ತಿದಾಗ ಅದರಿಂದ ಏನೂ ಸಹಾಯ ಇಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಅದಕ್ಕಿಂತ ಕೆಟ್ಟ ವಿಷಯ ಏನೆಂದರೆ, ಸಲೀಸಾಗಿ ಹೊರಟಿತು ಅಂದ ಕೂಡಲೇ ರಸ್ತೆ ಚೆನ್ನಾಗಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಹಿಡಿತ ಎಷ್ಟಿದೆ ಅನ್ನುವುದು ಗೊತ್ತಾಗುವುದು ಮೊದಲ ತಿರುವಿನಲ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ 13.9 ಮೀಟರ್. ರಸ್ತೆ ಒಣಗಿದ್ದು ಹಿಡಿತದ ಗುಣಾಂಕ 0.9 ಇದ್ದರೆ, ಬ್ರೇಕ್ ಒತ್ತಿದ ಮೇಲೆ ಸುಮಾರು 11 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ 0.3 ಅಂತ ಹಿಡಿದರೆ 33 ಮೀಟರ್. ಮಂಜುಗಡ್ಡೆಯ ಮೇಲೆ 0.1 ಅಂದರೆ 98 ಮೀಟರ್. ಒಳ್ಳೆಯ ಟೈರ್ ಆ 0.1 ಅನ್ನು 0.15ಕ್ಕೆ ಏರಿಸಿತು ಅಂದುಕೊಳ್ಳಿ. ಸಂಖ್ಯೆ ಚಿಕ್ಕದು, ಆದರೆ ದೂರ 98ರಿಂದ 66 ಮೀಟರಿಗೆ ಇಳಿಯುತ್ತದೆ. ಇನ್ನೊಂದು ಥರ ಹೇಳುವುದಾದರೆ, ಒಳ್ಳೆಯ ಟೈರಿನ ಕಾರು ಪೂರ್ತಿ ನಿಂತ ಜಾಗದಲ್ಲಿ ಇನ್ನೊಂದು ಕಾರು ಇನ್ನೂ ಸುಮಾರು 29 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಇದರಲ್ಲಿ ಕಾಲು ಬ್ರೇಕಿಗೆ ಹೋಗುವ ಸಮಯ ಸೇರಿಲ್ಲ.

ಸರ್ಕಲ್‌ನಲ್ಲಿ ನಿಮಗಾದದ್ದು ಇದೇ ಕಥೆಯ ಚಿಕ್ಕ ರೂಪ. ಬೇಸಿಗೆ ಟೈರಿನ ರಬ್ಬರ್ ಬಿಸಿ ರಸ್ತೆಗೆ ಮಾಡಿದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಂತೆ ಅದು ಬಿಗಿಯಾಗುತ್ತಾ ಹೋಗುತ್ತದೆ, ರಸ್ತೆಯ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿದು ಕೂರುವುದಿಲ್ಲ. 7 ಅನ್ನುವುದು ಒಂದು ಅಂದಾಜು ಅಷ್ಟೇ. 8ರಲ್ಲಿ ಚೆನ್ನಾಗಿದ್ದು 6ರಲ್ಲಿ ಕೆಟ್ಟುಹೋಗುವುದಿಲ್ಲ. ಆದರೆ ಬೆಳಗ್ಗೆ ಆರೂವರೆಗೆ ಹೊರಡುವವರಿಗೆ ಮಧ್ಯಾಹ್ನದ ಬಿಸಿಲಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ?

ಮುಂಜಾನೆಡ್ಯೂಟಿ:
ಒಂದೇ ಮಾತು ಸೇರಿಸುತ್ತೇನೆ. ತೀರಾ ಹಿಡಿತ ಕೊಡುವ ಬೇಸಿಗೆ ಟೈರ್‌ಗಳನ್ನು ಕೊರೆಯುವ ಚಳಿಯಲ್ಲಿ ಓಡಿಸಬಾರದು ಅಂತ ತಯಾರಕರೇ ಹೇಳುತ್ತಾರೆ, ಟ್ರೆಡ್, ಅಂದರೆ ರಸ್ತೆಗೆ ತಾಗುವ ಗೆರೆಗಳಿರುವ ಭಾಗ, ಬಿರುಕು ಬಿಡುವ ಸಾಧ್ಯತೆ ಇದೆ. ಹೊಸ ಟೈರ್ ಬರುವ ತನಕ ಮೈನಸ್ ಇರುವ ಬೆಳಗ್ಗೆ ಕಾರು ತೆಗೆಯಬೇಡಿ.

ನಾಲ್ಕುಚಕ್ರ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹತ್ತು ವರ್ಷದಿಂದ ನಾಲ್ಕು ಚಕ್ರ ಎಳೆಯುವ ಸೆಡಾನ್ ಓಡಿಸುತ್ತಿದ್ದೇನೆ. ವರ್ಷಪೂರ್ತಿ ಒಂದೇ ಆಲ್ ಸೀಸನ್ ಟೈರ್, ಪಕ್ಕದಲ್ಲಿ ಎಂ+ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದೆ. ಇಲ್ಲಿಯ ತನಕ ಒಮ್ಮೆಯೂ ಸಿಕ್ಕಿಹಾಕಿಕೊಂಡಿಲ್ಲ. ವರ್ಷಕ್ಕೆ ಎರಡು ಸಲ ಚಕ್ರ ಬದಲಿಸುವುದು, ಇನ್ನೊಂದು ಸೆಟ್ ಇಡಲು ಜಾಗ ಹುಡುಕುವುದು, ಇದೆಲ್ಲ ಎಲ್ಲರಿಗೂ ಬೇಕಾ?

ಹಿಮದಾರಿ:
ನಾಲ್ಕುಚಕ್ರ ಅವರೇ, ನಿಮ್ಮ ಅನುಭವ ಸುಳ್ಳು ಅನ್ನುವುದಿಲ್ಲ. ಹಿಮ ಅಪರೂಪಕ್ಕೆ ಬೀಳುವ, ಬಿದ್ದ ಎರಡು ಗಂಟೆಯಲ್ಲಿ ರಸ್ತೆ ತೆರವಾಗುವ ಕಡೆ ಅದು ನಡೆಯುತ್ತದೆ. ಆದರೆ ಎಂ+ಎಸ್ ಅನ್ನುವ ಗುರುತಿನ ಮೇಲೆ ಅಷ್ಟು ಭಾರ ಹಾಕಬೇಡಿ. ಅದನ್ನು ಟ್ರೆಡ್ಡಿನ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುತ್ತಾರೆ. ಹಿಮದ ಮೇಲೆ ಓಡಿಸಿ ಪಾಸಾಗಬೇಕು ಅನ್ನುವ ನಿಯಮ ಅದಕ್ಕಿಲ್ಲ.

ನೋಡಬೇಕಾದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು. ಅದು ಬೇಕಾದರೆ ತುಳಿದ ಹಿಮದ ಮೇಲೆ ಒಂದು ನಿಗದಿತ ಮಾದರಿ ಟೈರಿನ ಜೊತೆ ಹೋಲಿಸಿ, ಅದಕ್ಕಿಂತ ಇಷ್ಟು ಜಾಸ್ತಿ ಹಿಡಿತ ಇದೆ ಅಂತ ತೋರಿಸಬೇಕು. ಜರ್ಮನಿಯಲ್ಲಿ 2018ರಿಂದ ಹೊಸದಾಗಿ ತಯಾರಾದ ಟೈರಿಗೆ ಈ ಗುರುತು ಇದ್ದರೆ ಮಾತ್ರ ಚಳಿಗಾಲದ ಟೈರ್ ಅಂತ ಲೆಕ್ಕ. ಬರೀ ಎಂ+ಎಸ್ ಇದ್ದ ಹಳೆಯವಕ್ಕೆ ಕೊಟ್ಟಿದ್ದ ಅವಧಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಆದರೆ ಆ ಬೆಟ್ಟದ ಗುರುತಿಗೂ ಮಿತಿ ಇದೆ. ಅದು ಹಿಮದ ಪರೀಕ್ಷೆ, ಮಂಜುಗಡ್ಡೆಯದಲ್ಲ. ಯುರೋಪಿನಲ್ಲಿ 2021ರ ಮೇ 1ರಿಂದ ಬಂದ ಹೊಸ ಲೇಬಲ್‌ನಲ್ಲಿ ಮಂಜುಗಡ್ಡೆಯ ಹಿಡಿತಕ್ಕೆ ಬೇರೆ ಚಿತ್ರ ಇದೆ. ಹೊಸಗೇರ್ ಅವರ ಬೆಟ್ಟದ ರಸ್ತೆಗೆ ಅದು ಮುಖ್ಯ ಆಗಬಹುದು.

ನಾಲ್ಕುಚಕ್ರ:
ಎಂ+ಎಸ್ ಬಗ್ಗೆ ಇದು ನನಗೆ ಗೊತ್ತಿರಲಿಲ್ಲ. ಈಗಷ್ಟೇ ಕೆಳಗೆ ಹೋಗಿ ನನ್ನ ಟೈರ್ ನೋಡಿ ಬಂದೆ, ಬೆಟ್ಟದ ಗುರುತು ಇಲ್ಲ. ಮುಂದಿನ ಸಲ ಬದಲಿಸುವಾಗ ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಥರದ್ದು ನೋಡುತ್ತೇನೆ, ವರ್ಷಪೂರ್ತಿ ಓಡುತ್ತದೆ, ಆ ಗುರುತೂ ಇದೆ. ಹೊಸಗೇರ್ ಅವರಿಗೂ ಅದೇ ಸಾಕಾಗಲ್ವಾ?

ತಿರುವುಪ್ರೇಮಿ:
ನನ್ನ ಪ್ರಕಾರ ಅವರಿಗೆ ಬೇಡ. ಅವರ ಹತ್ತಿರ ಒಳ್ಳೆಯ ಬೇಸಿಗೆ ಟೈರ್ ಈಗಾಗಲೇ ಇದೆ. ಅದನ್ನು ತೆಗೆದು ವರ್ಷಪೂರ್ತಿಯ ಟೈರ್ ಹಾಕಿದರೆ ಜುಲೈನಲ್ಲಿ ಕಾರಿನ ಮಜಾ ಹೋಗುತ್ತದೆ, ಜನವರಿಯಲ್ಲಿ ಬೆಟ್ಟದ ಮೇಲೆ ಪೂರ್ತಿ ಧೈರ್ಯವೂ ಬರುವುದಿಲ್ಲ. ಎರಡು ಸೆಟ್ ಇಟ್ಟುಕೊಂಡರೆ ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ. ನಿಜವಾದ ಹೆಚ್ಚಿನ ಖರ್ಚು ರಿಮ್‌ಗೆ ಮಾತ್ರ.

ಹೊಸಗೇರ್:
ಎಲ್ಲರಿಗೂ ಧನ್ಯವಾದ. ಎರಡು ಸೆಟ್ ಅಂತ ತೀರ್ಮಾನ ಮಾಡಿದ್ದೇನೆ. ಈಗ ಅಳತೆ. ಈಗಿರುವ ರಿಮ್‌ಗೇ 19ರಲ್ಲಿ ಹಾಕಿಸೋಣ ಅಂದರೆ ಹಿಂದಿನ 255/35ರಲ್ಲಿ ಆಯ್ಕೆಯೇ ಕಡಿಮೆ ಸಿಗುತ್ತಿದೆ. 18ಕ್ಕೆ ಇಳಿದರೆ ನಾಲ್ಕೂ ಒಂದೇ ಅಳತೆ ಹಾಕಬಹುದಾ? ಹಿಂದೆ ಅಗಲ ಕಡಿಮೆಯಾದರೆ ಕಾರು ಹಿಂದಿನಿಂದ ಜಾರುವುದಿಲ್ಲವಾ?

ಅಳತೆಪಟ್ಟಿ:
ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ವ್ಯಾಸ ನೋಡೋಣ. 225/40 ಆರ್19 ಅಂದರೆ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 40, ಅಂದರೆ 90. ಮೇಲೊಂದು ಕೆಳಗೊಂದು ಸೇರಿ 180, ಜೊತೆಗೆ 19 ಇಂಚಿನ 482.6. ಒಟ್ಟು 662.6 ಮಿಲಿಮೀಟರ್. ಹಿಂದಿನ 255/35 ಆರ್19 ಇದೇ ಲೆಕ್ಕದಲ್ಲಿ 661.1. ಈಗ 225/45 ಆರ್18 ಲೆಕ್ಕ ಹಾಕಿ: 202.5 ಮತ್ತು 457.2 ಸೇರಿ 659.7. ಮುಂದಿನದಕ್ಕೂ ಇದಕ್ಕೂ ಇರುವ ಅಂತರ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಸ್ಪೀಡೋಮೀಟರ್‌ಗೆ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್‌ಗೆ ತೊಂದರೆ ಇಲ್ಲ. ನಾಲ್ಕೂ ಒಂದೇ ಅಳತೆ ಇರುವುದರಿಂದ ಮುಂದಕ್ಕೂ ಹಿಂದಕ್ಕೂ ಸುತ್ತಳತೆ ಸರಿಯಾಗಿ ಹೊಂದುತ್ತದೆ. ನಾಲ್ಕು ಚಕ್ರ ಎಳೆಯುವ ಕಾರಿಗೆ ಇದು ತುಂಬ ಮುಖ್ಯ. ಸುತ್ತಳತೆಯಲ್ಲಿ ವ್ಯತ್ಯಾಸ ಇದ್ದರೆ ಮುಂದೆ ಹಿಂದೆ ಶಕ್ತಿ ಹಂಚುವ ಕ್ಲಚ್ ಸುಮ್ನೆ ಇಡೀ ದಿನ ಉಜ್ಜುತ್ತಲೇ ಇರುತ್ತದೆ.

ಒಂದೇ ಅಳತೆ ಆದರೆ ಇನ್ನೊಂದು ಲಾಭ, ಮುಂದಿನ ಟೈರ್ ಹಿಂದಕ್ಕೆ ಹಿಂದಿನದು ಮುಂದಕ್ಕೆ ಬದಲಾಯಿಸಬಹುದು. ನಾಲ್ಕೂ ಸಮವಾಗಿ ಸವೆಯುತ್ತವೆ. ಒಂದೇ ದಿಕ್ಕಿಗೆ ಉರುಳಬೇಕು ಅಂತ ಬಾಣದ ಗುರುತಿರುವ ಟೈರ್ ಆದರೆ ಅದೇ ಪಕ್ಕದಲ್ಲಿ ಮಾತ್ರ ಬದಲಿಸಬೇಕು, ಎಡದ್ದು ಬಲಕ್ಕೆ ಹೋಗಬಾರದು.

ಅಗಲದ ಬಗ್ಗೆ ಕೇಳಿದಿರಿ. ಭಾರ ಅಷ್ಟೇ, ಗಾಳಿಯ ಒತ್ತಡ ಅಷ್ಟೇ ಇದ್ದರೆ ರಸ್ತೆಗೆ ತಾಗುವ ಜಾಗದ ಒಟ್ಟು ಅಳತೆ ಹೆಚ್ಚೇನೂ ಬದಲಾಗುವುದಿಲ್ಲ. ಆಕಾರ ಬದಲಾಗುತ್ತದೆ. ಅಗಲ ಟೈರಿನ ಗುರುತು ಅಡ್ಡಕ್ಕೆ ಹರಡಿರುತ್ತದೆ, ಕಿರಿದಾದದ್ದರ ಗುರುತು ಉದ್ದಕ್ಕೆ. ಹಸಿ ಹಿಮದಲ್ಲಿ, ಅರ್ಧ ಕರಗಿದ ಕೆಸರಿನಂಥ ಹಿಮದಲ್ಲಿ ಅಗಲ ಟೈರ್ ಎದುರಿನ ರಾಶಿಯನ್ನೆಲ್ಲ ತಳ್ಳಬೇಕು, ಆಮೇಲೆ ಅದರ ಮೇಲೆ ತೇಲಲು ಶುರುಮಾಡುತ್ತದೆ. ಕಿರಿದಾದದ್ದು ಸೀಳಿಕೊಂಡು ಹೋಗುತ್ತದೆ. ಬರೀ ಮಂಜುಗಡ್ಡೆ ಇದ್ದಾಗ ಅಗಲದ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಅಲ್ಲಿ ರಬ್ಬರಿನದ್ದೇ ಕೆಲಸ. ಹಿಂದಿನಿಂದ ಜಾರುವ ಭಯ ಬೇಡ. ಮುಂದೆ ಹಿಂದೆ ಒಂದೇ ಟೈರ್ ಇದ್ದಾಗ ಮೂತಿ ಸ್ವಲ್ಪ ಚುರುಕಾಗಿ ತಿರುಗುತ್ತದೆ, ನಿಮ್ಮಂಥವರಿಗೆ ಅದು ಹಿಡಿಸಲೂಬಹುದು.

ಕೊಳ್ಳುವ ಮೊದಲು ಮೂರು ವಿಷಯ ಖಾತ್ರಿ ಮಾಡಿಕೊಳ್ಳಿ. 18 ಇಂಚಿನ ರಿಮ್ ನಿಮ್ಮ ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗಕ್ಕೆ, ತಾಗದೆ ಕೂರಬೇಕು. ವ್ಯಾಸ ಸರಿ ಇದ್ದರೂ ಕಡ್ಡಿಗಳ ಆಕಾರದಿಂದ ತಾಗುವ ರಿಮ್‌ಗಳಿವೆ. ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಮತ್ತು ನಡುವಿನ ತೂತಿನ ಅಳತೆ ಹೊಂದಬೇಕು, ತೂತು ದೊಡ್ಡದಿದ್ದರೆ ರಿಂಗ್ ಹಾಕಿಸಿ, ಇಲ್ಲದಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತದೆ. ಆಮೇಲೆ ಭಾರದ ಸಂಖ್ಯೆ. 225/45 ಆರ್18 ಅಂಗಡಿಯಲ್ಲಿ 91 ಅಂತಲೂ ಸಿಗುತ್ತದೆ, 95 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಗಟ್ಟಿ ಟೈರ್) ಅಂತಲೂ ಸಿಗುತ್ತದೆ. 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ, 95 ಅಂದರೆ 690. ನಿಮ್ಮ ಕಾರು ಭಾರದ್ದು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ, ಕೈಪಿಡಿಯಲ್ಲಿ ಯಾವುದು ಹೇಳಿದ್ದಾರೋ ಅದಕ್ಕಿಂತ ಕೆಳಗೆ ಹೋಗಬೇಡಿ.

ರಿಮ್‌ರಿಪೇರಿ:
ಅಳತೆಪಟ್ಟಿ ಸರ್ ಹೇಳಿದ್ದಕ್ಕೆ ನನ್ನ ಕೆಲಸದ ಕಡೆಯಿಂದ ಒಂದು ಮಾತು. ಚಳಿಗಾಲ ಮುಗಿಯುವಾಗ ರಸ್ತೆಯಲ್ಲಿ ಗುಂಡಿ ಬೀಳುತ್ತವೆ. ಆ ತಿಂಗಳುಗಳಲ್ಲಿ ನನ್ನ ಹತ್ತಿರ ಬರುವ ಬಾಗಿದ ರಿಮ್‌ಗಳಲ್ಲಿ 35 ಪ್ರೊಫೈಲ್ ಟೈರಿನವೇ ಜಾಸ್ತಿ. 45 ಪ್ರೊಫೈಲ್‌ನಲ್ಲಿ ಗೋಡೆ ಎತ್ತರ ಇರುತ್ತದೆ, ಏಟು ತಡೆಯುತ್ತದೆ. ಇನ್ನು, ಯಂತ್ರದಲ್ಲಿ ಕಡೆದು ಹೊಳಪು ಕೊಟ್ಟ ರಿಮ್ ಚಳಿಗಾಲಕ್ಕೆ ಹಾಕಲೇಬೇಡಿ. ಮೇಲಿನ ಪಾರದರ್ಶಕ ಪದರದಲ್ಲಿ ಒಂದು ಕಲ್ಲೇಟು ಬಿದ್ದರೆ ಸಾಕು, ಉಪ್ಪು ಒಳಗೆ ಹೋಗಿ ಬಿಳಿ ಹುಳುಗಳ ಥರ ತುಕ್ಕು ಹರಡುತ್ತದೆ. ಪೂರ್ತಿ ಪೇಂಟ್ ಇರುವ ಸಾದಾ ರಿಮ್ ತಗೊಳ್ಳಿ, ತೊಳೆಯಲೂ ಸುಲಭ.

ಹೊಸಗೇರ್:
18 ಅಂತ ಖಚಿತ ಆಯಿತು. ಈಗ ದೊಡ್ಡ ಪ್ರಶ್ನೆ ಉಳಿಯಿತು. ಪರ್ಫಾರ್ಮೆನ್ಸ್ ಚಳಿಗಾಲದ ಟೈರ್ ಒಂದು ಕಡೆ, ನಾರ್ಡಿಕ್ ಅಂತ ಕರೆಯುವ ಮೆತ್ತನೆಯದು ಇನ್ನೊಂದು ಕಡೆ. ಮಿಶೆಲಿನ್ ಪೈಲಟ್ ಆಲ್ಪಿನ್ 5 ನೋಡಿದೆ. ನೋಕಿಯನ್ ಹಕ್ಕಾಪೆಲಿಟ್ಟ ಆರ್5, ಮಿಶೆಲಿನ್ ಎಕ್ಸ್-ಐಸ್ ಸ್ನೋ ಕೂಡ ನೋಡಿದೆ. ಎಲ್ಲದಕ್ಕೂ ಬೆಟ್ಟದ ಗುರುತಿದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ತಿರುವುಪ್ರೇಮಿ:
ನಾನು ನಾಲ್ಕು ಚಳಿಗಾಲ ಪರ್ಫಾರ್ಮೆನ್ಸ್ ಟೈರ್ ಓಡಿಸಿದ್ದೇನೆ, ಆಮೇಲೆ ಎರಡು ಚಳಿಗಾಲ ನಾರ್ಡಿಕ್. ಎರಡನ್ನೂ ಇಷ್ಟಪಟ್ಟು ಓಡಿಸಿದವನು ನಾನು, ಅದಕ್ಕೇ ಬರೆಯುತ್ತೇನೆ.

ಪರ್ಫಾರ್ಮೆನ್ಸ್ ಟೈರ್ ಮಧ್ಯ ಯುರೋಪಿನ ರಸ್ತೆ ನೋಡಿ ಹುಟ್ಟಿದ್ದು. ಅಲ್ಲಿ ಚಳಿಗಾಲ ಅಂದರೆ ಬಹುತೇಕ ಒದ್ದೆ ರಸ್ತೆ, 0ರಿಂದ 5 ಡಿಗ್ರಿ, ನಡುವೆ ಆಗಾಗ ಹಿಮ, ಮತ್ತು ವೇಗದ ಹೆದ್ದಾರಿ. ಹಾಗಾಗಿ ವೇಗದ ಅಕ್ಷರ ವಿ ಅಥವಾ ಡಬ್ಲ್ಯು ಇರುತ್ತದೆ, ಅಂದರೆ ಗಂಟೆಗೆ 240 ಅಥವಾ 270 ಕಿಲೋಮೀಟರ್ ತನಕ. ಟ್ರೆಡ್ ಬ್ಲಾಕ್ ಗಟ್ಟಿ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಉತ್ತರ ಸಿಗುತ್ತದೆ. ಮಳೆಯಲ್ಲಿ ಬ್ರೇಕ್ ಹಿಡಿದರೆ ನಂಬಿಕೆ ಬರುತ್ತದೆ.

ನಾರ್ಡಿಕ್ ಟೈರ್ ದಿನಗಟ್ಟಲೆ ಹಿಮ, ಮಂಜುಗಡ್ಡೆ ಕರಗದೆ ಇರುವ ರಸ್ತೆಗೆ ಮಾಡಿದ್ದು. ರಬ್ಬರ್ ತುಂಬ ಮೆತ್ತಗೆ, ಸೀಳುಗಳು ಲೆಕ್ಕವಿಲ್ಲದಷ್ಟು. ವೇಗದ ಅಕ್ಷರ ಸಾಮಾನ್ಯವಾಗಿ ಆರ್ ಅಥವಾ ಟಿ, 170 ಅಥವಾ 190. ಮೊದಲ ಸಲ ಓಡಿಸಿದಾಗ ಚಪ್ಪಲಿ ಸಡಿಲ ಇದ್ದ ಹಾಗೆ ಅನಿಸಿತು. ಸ್ಟೀರಿಂಗ್ ತಿರುಗಿಸುತ್ತೇವೆ, ಬ್ಲಾಕ್‌ಗಳು ಮಗ್ಗುಲಿಗೆ ಬಾಗುತ್ತವೆ, ಆಮೇಲೆ ಕಾರು ತಿರುಗುತ್ತದೆ. 12 ಡಿಗ್ರಿ ಬಿಸಿಲಿನ ದಿನ ಜೋರಾಗಿ ಬ್ರೇಕ್ ಹಿಡಿದರೆ ನಿಲ್ಲುವ ದೂರ ಜಾಸ್ತಿಯಾದದ್ದು ನನಗೇ ಗೊತ್ತಾಗುತ್ತಿತ್ತು. ಒದ್ದೆ ರಸ್ತೆಯಲ್ಲೂ ಪರ್ಫಾರ್ಮೆನ್ಸ್ ಟೈರ್ ಮುಂದೆ ಇದೆ. ಇದನ್ನು ಮುಚ್ಚಿಡಬಾರದು.

ಆದರೆ ಮೈನಸ್ 2ರ ಬೆಳಗ್ಗೆ, ರಾತ್ರಿ ಕರಗಿ ಮತ್ತೆ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ, ಅದೇ ನಾರ್ಡಿಕ್ ಟೈರ್ ನನ್ನನ್ನು ತಿರುವಿನೊಳಗೆ ಉಳಿಸಿತು. ಅಲ್ಲಿ ಹಳೆಯ ಸೆಟ್ ಇದ್ದಾಗ ಪ್ರತಿ ಚಳಿಗಾಲವೂ ಒಂದೆರಡು ಸಲ ಉಸಿರು ಬಿಗಿಹಿಡಿದಿದ್ದೇನೆ.

ಹಿಮದಾರಿ:
ಈ ಮೈನಸ್ 2 ಅನ್ನುವುದರ ಬಗ್ಗೆ ಒಂದು ಮಾತು. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆ ಜಾಸ್ತಿ ಜಾರುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ತದ್ವಿರುದ್ಧ. ಮೈನಸ್ 20ರಲ್ಲಿ ಮಂಜುಗಡ್ಡೆ ಒಣಗಿ ಒರಟಾಗಿರುತ್ತದೆ. ಸೊನ್ನೆಯ ಹತ್ತಿರ ಅದರ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ, ಅದೇ ಅಪಾಯ. ಟೈರಿನ ಸಣ್ಣ ಸೀಳುಗಳಿಗೆ ಸೈಪ್ ಅನ್ನುತ್ತಾರೆ. ಅವು ಆ ನೀರನ್ನು ಒಳಗೆ ಎಳೆದುಕೊಂಡು ರಬ್ಬರನ್ನು ಮಂಜುಗಡ್ಡೆಗೆ ತಾಗಿಸುತ್ತವೆ. ಬ್ರಿಜ್‌ಸ್ಟೋನ್ ಬ್ಲಿಜಾಕ್‌ನಂಥ ಟೈರಿನಲ್ಲಿ ರಬ್ಬರಿನೊಳಗೇ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅವೂ ಅದೇ ಕೆಲಸ ಮಾಡುತ್ತವೆ.

ಬ್ಲಿಜಾಕ್ ಬಂದದ್ದು 1988ರಲ್ಲಿ, ಜಪಾನಿನಲ್ಲಿ. ಅದರ ಹಿಂದಿನ ಕಥೆ ನನಗೆ ತುಂಬ ಇಷ್ಟ. ಆಗ ಅಲ್ಲಿ ಹಿಮ ಬೀಳುವ ಕಡೆ ಬಹಳ ಜನ ಮೊಳೆ ಇರುವ ಟೈರ್ ಓಡಿಸುತ್ತಿದ್ದರು. ಹಿಮ ಇಲ್ಲದ ದಿನ ಆ ಮೊಳೆಗಳು ಡಾಂಬರನ್ನೇ ಕೆರೆದು ಪುಡಿ ಮಾಡುತ್ತಿದ್ದವು. ಸೆಂಡೈ, ಸಪ್ಪೊರೊದಂಥ ಊರುಗಳಲ್ಲಿ ಆ ಧೂಳು ಜನರ ಉಸಿರಿಗೇ ತೊಂದರೆ ಕೊಟ್ಟಿತು. 1990ರಲ್ಲಿ ಅದನ್ನು ತಡೆಯಲು ಕಾನೂನೇ ಬಂತು. ಮೊಳೆ ಇಲ್ಲದೆ ಮಂಜುಗಡ್ಡೆ ಹಿಡಿಯುವ ಟೈರ್ ಮಾಡಲೇಬೇಕಾಯಿತು. ಇವತ್ತು ನಾವು ಸದ್ದಿಲ್ಲದೆ ಓಡಿಸುವ ಸ್ಟಡ್‌ಲೆಸ್ ಟೈರ್ ಇಷ್ಟು ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣ. ಫಿನ್‌ಲೆಂಡಿನವರದ್ದು ಇನ್ನೂ ಹಳೆಯ ದಾರಿ, ನೋಕಿಯನ್ 1934ರಲ್ಲೇ ಲಾರಿಗಳಿಗೆ ಚಳಿಗಾಲದ ಟೈರ್ ಮಾಡಿತ್ತು, 1936ರಲ್ಲಿ ಹಕ್ಕಾಪೆಲಿಟ್ಟ ಬಂತು.

ಹೊಸಗೇರ್, ನಿಮಗೆ ನೇರವಾಗಿ ಹೇಳುತ್ತೇನೆ. ನಿಮ್ಮ 30 ಕಿಲೋಮೀಟರ್ ಹೈವೇಗೆ ಪರ್ಫಾರ್ಮೆನ್ಸ್ ಟೈರ್ ಚೆನ್ನ. ನಿಮ್ಮ 15 ಕಿಲೋಮೀಟರ್ ಬೆಟ್ಟಕ್ಕೆ ನಾರ್ಡಿಕ್ ಬೇಕು. ಹೈವೇಯಲ್ಲಿ ನಾರ್ಡಿಕ್ ಇದ್ದರೆ ಕಳೆದುಕೊಳ್ಳುವುದು ಸ್ವಲ್ಪ ಚುರುಕು, ಮಳೆಯಲ್ಲಿ ಒಂದಿಷ್ಟು ದೂರ. ಅದನ್ನು ಮುಂದಿನ ಕಾರಿನಿಂದ ಜಾಸ್ತಿ ಅಂತರ ಬಿಟ್ಟು ಸರಿದೂಗಿಸಬಹುದು. ಬೆಟ್ಟದ ತಿರುವಿನಲ್ಲಿ ಜಾರಿದರೆ ಸರಿದೂಗಿಸಲು ಜಾಗವೇ ಇರುವುದಿಲ್ಲ. ನಾನಾಗಿದ್ದರೆ ಆ 15 ಕಿಲೋಮೀಟರ್ ನೋಡಿ ಟೈರ್ ತಗೊಳ್ಳುತ್ತಿದ್ದೆ.

ಅಳತೆಪಟ್ಟಿ:
ನನ್ನ ಮತ ಪರ್ಫಾರ್ಮೆನ್ಸ್ ಕಡೆಗೇ ಇತ್ತು, ಹಿಮ ತೆಗೆಯುವ ಗಾಡಿ ತಡವಾಗಿ ಬರುತ್ತದೆ ಅನ್ನುವುದನ್ನು ಮತ್ತೆ ಓದಿದ ಮೇಲೆ ಬದಲಾಯಿತು. ವೇಗದ ಅಕ್ಷರದ ಕಡೆ ಗಮನ ಇರಲಿ. ಕಾರು 250 ಹೋಗಬಹುದು, ಟೈರ್ 190ಕ್ಕೆ ಮಾತ್ರ. ಯುರೋಪಿನ ಕೆಲವು ದೇಶಗಳಲ್ಲಿ ಹೀಗಿದ್ದಾಗ ಚಾಲಕರ ಕಣ್ಣಿಗೆ ಕಾಣುವ ಹಾಗೆ ಗರಿಷ್ಠ ವೇಗದ ಚೀಟಿ ಅಂಟಿಸಬೇಕು.

ನಾಲ್ಕುಚಕ್ರ:
ಮೊಳೆ ಇರುವ ಟೈರ್ ಹಾಕಿದರೆ ಮಂಜುಗಡ್ಡೆಯ ಪ್ರಶ್ನೆಯೇ ಮುಗಿಯಿತಲ್ಲ?

ಹಿಮದಾರಿ:
ಒದ್ದೆ ಮಂಜುಗಡ್ಡೆಯ ಮೇಲೆ ಅದರಷ್ಟು ಹಿಡಿತ ಬೇರೆ ಯಾವುದೂ ಕೊಡುವುದಿಲ್ಲ, ನಿಜ. ಆದರೆ ಸುಮಾರು ಕಡೆ ಕಾನೂನು ಒಪ್ಪುವುದಿಲ್ಲ, ಜರ್ಮನಿಯಲ್ಲಂತೂ ಸಾಮಾನ್ಯ ರಸ್ತೆಗೆ ನಿಷೇಧ. ಇವರ ಹೈವೇ ಉಪ್ಪು ಹಾಕಿದ ಬರಿಯ ಡಾಂಬರು. ದಿನಕ್ಕೆ 60 ಕಿಲೋಮೀಟರ್ ಅದರ ಮೇಲೆ ಮೊಳೆ ಸವೆಸುವುದು, ಆ ಸದ್ದು ಕೇಳುವುದು, ಇವರಿಗೆ ಹೊಂದುವುದಿಲ್ಲ.

ಮುಂಜಾನೆಡ್ಯೂಟಿ:
ಇದನ್ನು ಓದುವ ಬೇರೆಯವರಿಗಾಗಿ ನನ್ನದೊಂದು ಅನುಭವ ಹೇಳಲೇಬೇಕು.

ಹಿಂದೆ ನನ್ನ ಹತ್ತಿರ ಮುಂದಿನ ಚಕ್ರ ಎಳೆಯುವ ಸೆಡಾನ್ ಇತ್ತು. ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಟೈರ್ ಅಂಗಡಿಯೊಂದರಲ್ಲಿ ಎಳೆಯುವ ಚಕ್ರಕ್ಕೆ ಮಾತ್ರ ಚಳಿಗಾಲದ ಟೈರ್ ಹಾಕಿದರೆ ಸಾಕು ಅಂದರು. ಎರಡೇ ತಗೊಂಡು ಮುಂದೆ ಹಾಕಿಸಿದೆ. ಹದಿನೈದು ದಿನ ಸೊಗಸಾಗಿ ಓಡಿತು. ಮುಂದೆ ಹಿಡಿತ ಚೆನ್ನಾಗಿದ್ದದ್ದರಿಂದ ನನಗೆ ಧೈರ್ಯವೂ ಬಂತು. ಒಂದು ಬೆಳಗ್ಗೆ ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಅಷ್ಟೇ. ಭಾರವೆಲ್ಲ ಮುಂದಕ್ಕೆ ಬಂತು, ಮುಂದಿನ ಟೈರ್ ಕಚ್ಚಿಕೊಂಡಿತು, ಹಿಂದಿನವು ಬಿಟ್ಟುಕೊಟ್ಟವು. ಒಂದು ಉಸಿರು ತೆಗೆಯುವಷ್ಟರಲ್ಲಿ ನಾನು ಬಂದ ದಾರಿಯನ್ನೇ ನೋಡುತ್ತಾ ಹಿಮದ ರಾಶಿಯೊಳಗೆ ಹಿಮ್ಮುಖವಾಗಿ ನಿಂತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಇದ್ದಳು. ಅವಳಿಗೆ ಏನೂ ಆಗಲಿಲ್ಲ. ಕೈ ನಡುಗುವುದು ನಿಲ್ಲಲು ತುಂಬ ಹೊತ್ತು ಹಿಡಿಯಿತು.

ದಯವಿಟ್ಟು ನಾಲ್ಕೂ ಹಾಕಿಸಿ. ದುಡ್ಡು ಸಾಲದಿದ್ದರೆ ಒಂದು ದರ್ಜೆ ಕಡಿಮೆ ಟೈರ್ ತಗೊಳ್ಳಿ, ಆದರೆ ನಾಲ್ಕು ತಗೊಳ್ಳಿ.

ರಿಮ್‌ರಿಪೇರಿ:
ಅಕ್ಷರಶಃ ಒಪ್ಪುತ್ತೇನೆ. ಇಂಥ ಕಾರುಗಳು ನನ್ನ ಹತ್ತಿರ ಬಂದಿವೆ.

ಹಾಕಿಸುವಾಗಿನ ವಿಷಯಗಳು ಹೇಳಿಬಿಡುತ್ತೇನೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, 3824 ಅಂದರೆ 2024ರ 38ನೇ ವಾರ ತಯಾರಾದದ್ದು. ರಿಮ್ ಬೇರೆ ಆದರೆ ಬೋಲ್ಟ್ ಕೂಡ ಬೇರೆ ಬೇಕಾಗಬಹುದು. ಕೆಲವು ರಿಮ್‌ಗಳಲ್ಲಿ ಬೋಲ್ಟ್ ಕೂರುವ ಗುಣಿ ಶಂಕುವಿನ ಆಕಾರ, ಕೆಲವದ್ದು ಗುಂಡಗೆ. ತಪ್ಪಾದದ್ದು ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಆಮೇಲೆ ಸಡಿಲವಾಗುತ್ತದೆ. ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಇದನ್ನು ಮರೆಯುವವರೇ ಜಾಸ್ತಿ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರುವ ಪದಾರ್ಥ ಉಳಿದಿರುತ್ತದೆ. ಮೊದಲ 300 ಕಿಲೋಮೀಟರ್ ಆದರೂ ಮೆಲ್ಲಗೆ ಓಡಿಸಿ, ಹಾಗಾಗಿ ಹಿಮ ಬೀಳುವ ಮುಂಚೆಯೇ ಹಾಕಿಸಿದರೆ ಒಳ್ಳೆಯದು. ಕೆನಡಾದ ಕ್ಯುಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟೈರ್ ಕಡ್ಡಾಯ. ಬುದ್ಧಿವಂತರು ಕಡ್ಡಾಯದ ದಿನಕ್ಕೆ ಕಾಯುವುದಿಲ್ಲ.

ತೆಗೆದ ಬೇಸಿಗೆ ಚಕ್ರಗಳನ್ನು ತೊಳೆದು ಒಣಗಿಸಿ, ಯಾವುದು ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆದು, ಬಿಸಿಲು ಬೀಳದ ತಂಪು ಜಾಗದಲ್ಲಿ ಒಂದರ ಮೇಲೊಂದು ಮಲಗಿಸಿ. ರಿಮ್ ಇಲ್ಲದ ಬರೀ ಟೈರ್ ಆದರೆ ನಿಲ್ಲಿಸಿಡಬೇಕು.

ಹೊಸಗೇರ್:
ಈ ನಾರ್ಡಿಕ್ ಟೈರ್ ಎಷ್ಟು ಸವೆಯುವ ತನಕ ಇಟ್ಟುಕೊಳ್ಳಬಹುದು? ಕಾನೂನಿನಲ್ಲಿ 1.6 ಮಿಲಿಮೀಟರ್ ಅಂತ ಓದಿದೆ.

ತಿರುವುಪ್ರೇಮಿ:
ಚಳಿಗಾಲಕ್ಕೆ ಆ ಅಂಕಿ ಮರೆತುಬಿಡಿ. ಹೊಸದರಲ್ಲಿ 8 ಮಿಲಿಮೀಟರ್‌ನ ಆಸುಪಾಸು ಇರುತ್ತದೆ. 4ಕ್ಕೆ ಇಳಿದ ಮೇಲೆ ಹಿಮ ತುಂಬಿಕೊಳ್ಳಲು ಜಾಗ ಸಾಲುವುದಿಲ್ಲ, ಸೀಳುಗಳೂ ಮುಗಿಯುತ್ತಾ ಬರುತ್ತವೆ. ಹಿಮದ ಮೇಲಿನ ಹಿಡಿತದಲ್ಲಿ ಒಂದು ಪಾಲು ಬರುವುದೇ ಟ್ರೆಡ್ ಬ್ಲಾಕ್‌ಗಳ ನಡುವೆ ಸಿಕ್ಕಿಕೊಂಡ ಹಿಮ ರಸ್ತೆಯ ಹಿಮವನ್ನು ಕಚ್ಚುವುದರಿಂದ. ಆಸ್ಟ್ರಿಯಾದಲ್ಲಿ ಕಾನೂನೇ 4 ಮಿಲಿಮೀಟರ್ ಅನ್ನುತ್ತದೆ. ಇನ್ನೊಂದು, ಬಿಸಿಲು ಬಂದ ಮೇಲೂ ಹಾಕಿಕೊಂಡು ತಿರುಗಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ಆ ಮೆತ್ತನೆ ರಬ್ಬರ್ ಕಣ್ಣೆದುರೇ ಕರಗುತ್ತದೆ.

ಹೊಸಗೇರ್:
ಮೂರು ವಾರ ಆಯಿತು, ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

225/45 ಆರ್18, 95 ಎಕ್ಸ್‌ಎಲ್, ನಾಲ್ಕೂ ಹಕ್ಕಾಪೆಲಿಟ್ಟ ಆರ್5. ಸಾದಾ ಪೇಂಟಿನ ರಿಮ್. ಮೊದಲ ವಾರ ನಿಜ ಹೇಳಬೇಕೆಂದರೆ ಬೇಸರವಾಯಿತು. ಹೈವೇಯಲ್ಲಿ ಲೇನ್ ಬದಲಿಸುವಾಗ ಕಾರು ಒಂದು ಕ್ಷಣ ತಡೆದು ಯೋಚಿಸಿದ ಹಾಗೆ ಅನಿಸುತ್ತಿತ್ತು. ತಿರುವುಪ್ರೇಮಿ ಅವರು ಚಪ್ಪಲಿಯ ಮಾತು ಹೇಳಿದ್ದು ನೆನಪಾಯಿತು. ಈಗ ಕೈಗೆ ಅಭ್ಯಾಸವಾಗಿದೆ, ಸ್ಟೀರಿಂಗನ್ನು ಸ್ವಲ್ಪ ಮೊದಲೇ, ಮೆಲ್ಲಗೆ ತಿರುಗಿಸುತ್ತೇನೆ.

ಎರಡನೇ ವಾರ ಹಿಮ ಬಿತ್ತು. ಭಾನುವಾರ ಬೆಳಗ್ಗೆ ಯಾರೂ ಇಲ್ಲದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, 30ರ ವೇಗದಲ್ಲಿ ಪೂರ್ತಿ ಬ್ರೇಕ್ ಒತ್ತಿ ನೋಡಿದೆ. ಹತ್ತು ಸಲ ಒತ್ತಿರಬೇಕು. ಪೆಡಲ್ ಕಾಲಡಿ ಗಡಗಡ ಅನ್ನುವುದಕ್ಕೆ ಹೆದರದೆ ಒತ್ತಿ ಹಿಡಿದರೆ ಕಾರು ನೇರವಾಗಿ ನಿಲ್ಲುತ್ತದೆ, ಎಬಿಎಸ್ ಅಂದರೆ ಇದು ಅಂತ ಕಾಲಿಗೆ ಗೊತ್ತಾಯಿತು. ನಿಲ್ಲಲು ಎಷ್ಟು ದೂರ ಬೇಕು ಅನ್ನುವುದು ಕಣ್ಣಿಗೂ ಗೊತ್ತಾಯಿತು. ಸೋಮವಾರ ಬೆಟ್ಟದ ರಸ್ತೆಯಲ್ಲಿ ನನ್ನ ಮುಂದೆ ಯಾರ ಚಕ್ರದ ಗುರುತೂ ಇರಲಿಲ್ಲ. ಮೂರನೇ ತಿರುವಿನಲ್ಲಿ ಹಿಮದ ಕೆಳಗೆ ಮಂಜುಗಡ್ಡೆ ಇತ್ತು, ಕಾರು ಒಂದು ಅಂಗೈಯಷ್ಟು ಸರಿದು ಮತ್ತೆ ಹಿಡಿಯಿತು. ಅಷ್ಟೇ. ಈ ಕಾರನ್ನು ಮೊದಲಿಗಿಂತ ಜಾಸ್ತಿ ಇಷ್ಟಪಡಲು ಶುರುಮಾಡಿದ್ದೇನೆ.

ಒಂದೇ ಒಂದು ತೊಂದರೆ. ಇವತ್ತು ಬೆಳಗ್ಗೆ ಮೈನಸ್ 8, ಗಾಳಿ ಒತ್ತಡದ ದೀಪ ಉರಿಯಿತು. ನಾಲ್ಕೂ ಚಕ್ರದಲ್ಲಿ ಕಡಿಮೆ ತೋರಿಸುತ್ತಿದೆ. ಪಂಕ್ಚರ್ ನಾಲ್ಕಕ್ಕೂ ಒಟ್ಟಿಗೆ ಆಗಲು ಸಾಧ್ಯವಾ?

ಅಳತೆಪಟ್ಟಿ:
ಪಂಕ್ಚರ್ ಅಲ್ಲ. ಗಾಳಿ ತುಂಬಿಸಿದ್ದು ಬೆಚ್ಚಗಿನ ವರ್ಕ್‌ಶಾಪಿನೊಳಗೆ ಅಲ್ವಾ? ಅಲ್ಲಿ 20 ಡಿಗ್ರಿ ಇದ್ದಿರಬಹುದು. ತಾಪಮಾನ 10 ಡಿಗ್ರಿ ಇಳಿದರೆ ಒತ್ತಡ ಸುಮಾರು 0.1 ಬಾರ್, ಅಂದರೆ ಒಂದೂವರೆ ಪಿಎಸ್‌ಐ ಇಳಿಯುತ್ತದೆ. ನಿಮ್ಮದು 28 ಡಿಗ್ರಿ ಇಳಿದಿದೆ, ಹತ್ತಿರ ಹತ್ತಿರ 0.3 ಬಾರ್. ನಾಳೆ ಬೆಳಗ್ಗೆ ಕಾರು ಓಡಿಸುವ ಮೊದಲು, ಟೈರ್ ಪೂರ್ತಿ ತಣ್ಣಗಿರುವಾಗ, ಚೀಟಿಯಲ್ಲಿ 18 ಇಂಚಿಗೆ ಹೇಳಿದಷ್ಟು ತುಂಬಿಸಿ, ಆಮೇಲೆ ಸಿಸ್ಟಮ್ ರೀಸೆಟ್ ಮಾಡಿ.

ಹೊಸಗೇರ್:
ಹೌದು, ವರ್ಕ್‌ಶಾಪಿನೊಳಗೇ ತುಂಬಿಸಿದ್ದು. ಬೆಳಗ್ಗೆ ತುಂಬಿಸಿದೆ, ದೀಪ ಹೋಯಿತು.